ಬರೆಯದೆ ಇಟ್ಟುಕೊಂಡ ಪತ್ರ

ನಮ್ಮೂರ ಅಂಚೆಮನೆಯ ಸರ್ವರ್ ಕೆಟ್ಟಿದೆ ಎಂಬುದು ಮೊದಲು ಗೊತ್ತಾದದ್ದು ಅದನ್ನು ನೋಡಿಕೊಳ್ಳುವ ನನಗಲ್ಲ, ಉಪ್ಪು ತರಲು ಹೋಗಿದ್ದ ಪಕ್ಕದ ಮನೆಯ ಕೆಂಚವ್ವನಿಗೆ. ಕಲ್ಲುಪ್ಪು ಇದೆಯಾ ಎಂದು ಅವಳು ಕೇಳಿದರೆ ಅಂಗಡಿಯವನು ತಕ್ಕಡಿಯಿಂದ ತಲೆ ಎತ್ತದೆ, ಜ್ವರ ಬಿಟ್ಟಿದೆ, ಆದರೆ ಇನ್ನೆರಡು ದಿನ ತಲೆಗೆ ನೀರು ಹಾಕಬೇಡಿ ಅಂದನಂತೆ. ಕೆಂಚವ್ವ ನಕ್ಕಳು. ಅವನು ನಗಲಿಲ್ಲ. ತಾನು ಏನು ಅಂದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವಳು ಉಪ್ಪನ್ನೂ ಮರೆತು ನೆಟ್ಟಗೆ ನನ್ನ ಹತ್ತಿರ ಬಂದಳು. ನಿಮ್ಮ ಪೆಟ್ಟಿಗೆ ನೋಡಿಕೊಳ್ಳಿ ದಾಕ್ಷಾಯಣಮ್ಮ, ಒಬ್ಬರ ಉತ್ತರ ಇನ್ನೊಬ್ಬರ ಬಾಯಲ್ಲಿ ಬರುತ್ತಿದೆ ಎಂದಳು.

ಮಧ್ಯಾಹ್ನದ ಹೊತ್ತಿಗೆ ಇನ್ನೂ ಎರಡು ಸುದ್ದಿ ಬಂದವು. ಶಾಲೆಯಲ್ಲಿ ಏಳೆಂಟ್ಲಿ ಎಷ್ಟು ಎಂದು ಮೇಷ್ಟ್ರು ಕೇಳಿದರೆ ಹಿಂದಿನ ಬೆಂಚಿನ ಸಾಲು ಪೂರ್ತಿ ಒಂದೇ ದನಿಯಲ್ಲಿ, ಬಾವಿಯ ಹಗ್ಗ ಬದಲಾಯಿಸಿದ್ದೇವೆ ಅಂದಿತಂತೆ. ಮೇಲಿನ ಬೀದಿಯಲ್ಲಿ ಒಬ್ಬಳು ಗಂಡನನ್ನು ಊಟಕ್ಕೆ ಕರೆದಳು. ಅವನು ಕೈ ತೊಳೆಯುತ್ತ, ಅವಳನ್ನು ಮರೆತುಬಿಡಿ, ಅವಳಿನ್ನು ಬರುವುದಿಲ್ಲ ಎಂದನಂತೆ. ಯಾವ ಅವಳು, ಯಾರಿಗೆ ಹೇಳಿದ್ದು, ಒಂದೂ ಗೊತ್ತಿಲ್ಲ. ಆ ಹೆಂಗಸು ಸಂಜೆಯ ತನಕ ಅನ್ನ ಮುಟ್ಟಲಿಲ್ಲ.

ನಮ್ಮೂರಲ್ಲಿ ಉತ್ತರ ಮೊದಲು ಬರುತ್ತದೆ, ಪತ್ರ ಆಮೇಲೆ. ಬೆಳಗ್ಗೆ ಎದ್ದು ಮೇಲ್ ತೆಗೆದರೆ ಹೆಂಚಿನವನ ಉತ್ತರ ಇರುತ್ತದೆ: ಆಗಲಿ, ಗುರುವಾರ ಬಂದು ಹೊದಿಸಿ ಕೊಡುತ್ತೇನೆ. ಆಗ ನಾವು ತಲೆ ಎತ್ತಿ ಸೂರು ನೋಡುತ್ತೇವೆ. ಎಲ್ಲೋ ಒಡೆದಿರುತ್ತದೆ. ಕೂತು ಅವನಿಗೆ ಪತ್ರ ಬರೆಯುತ್ತೇವೆ, ಅವನು ಅದನ್ನು ಓದಿ ತನಗೆ ತೋಚಿದ ಹಾಗೆ ಉತ್ತರ ಬರೆಯುತ್ತಾನೆ. ಅದು ಮೊದಲೇ ಬಂದಿದ್ದ ಉತ್ತರಕ್ಕೆ ಅಕ್ಷರ ತಪ್ಪದೆ ಕೂಡುತ್ತದೆ. ಇದರಲ್ಲಿ ಬೆರಗು ಪಡುವಂಥದ್ದು ನಮಗೇನೂ ಕಾಣುವುದಿಲ್ಲ. ನಿಯಮ ಎರಡೇ: ಬಂದಿರುವ ಉತ್ತರದಲ್ಲಿ ಏನಿದೆ ಎಂದು ಅದನ್ನು ಬರೆಯಬೇಕಾದವರಿಗೆ ಮೊದಲೇ ಹೇಳಬಾರದು, ಅವರೂ ಕೇಳಬಾರದು. ಬಂದ ಉತ್ತರಕ್ಕೆ ನಲವತ್ತು ದಿನದೊಳಗೆ ಪತ್ರ ಬರೆದುಬಿಡಬೇಕು. ಪತ್ರ ಇಲ್ಲದ ಉತ್ತರಕ್ಕೆ ನಾವು ಒಂಟಿ ಎನ್ನುತ್ತೇವೆ. ದಿನಾ ಬೆಳಗ್ಗೆ ಡೇಟಾಬೇಸ್ ತಪಾಸಣೆ ಮಾಡಿ, ಒಂಟಿಗಳ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ನಿಮ್ಮ ಹೆಸರಲ್ಲಿ ಒಂದಿದೆ, ಬರೆದುಬಿಡಿ ಎಂದು ಕಾಡುವುದು ನನ್ನ ಕೆಲಸ. ಜನ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ, ನಾನು ಕಿಟಕಿಯಲ್ಲಿ ಹೇಳುತ್ತೇನೆ.

ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಯಾರ ಉತ್ತರ ಒಂಟಿಯಾಗಿ ಕೂತಿದೆಯೋ ಅವರು ಅದನ್ನು ಬರೆಯುವ ತನಕ ಸಾಯುವಂತಿಲ್ಲ. ಹೇಗೆ ಸಾಯುತ್ತಾರೆ? ಉತ್ತರ ಆಗಲೇ ಬಂದಾಗಿದೆ, ಅದನ್ನು ಬರೆಯುವ ಕೈ ಇರಲೇಬೇಕಲ್ಲ.

ನನ್ನ ಅಕ್ಕ ನೀಲಾಯತಾಕ್ಷಿ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು, ಹೊಡೆದವಳು, ಹೊಡೆದು ಆಮೇಲೆ ಬೆಲ್ಲ ಕೊಟ್ಟವಳು ಅವಳೇ. ನನಗಿಂತ ಮೊದಲು ಇಪ್ಪತ್ತಾರು ವರ್ಷ ಅಂಚೆಮನೆ ನೋಡಿಕೊಂಡವಳೂ ಅವಳೇ. ಒಂಬತ್ತು ವರ್ಷದ ಹಿಂದೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ದೀಪಾವಳಿ ದಾಟುವುದಿಲ್ಲ ಎಂದರು ಡಾಕ್ಟರು. ಅಕ್ಕ ಹಾಸಿಗೆ ಹಿಡಿದ ಮಾರನೆಯ ದಿನ ನಾನು ಅವಳ ಕುರ್ಚಿಯಲ್ಲಿ ಮೊದಲ ಸಲ ಕೂತೆ. ನನ್ನ ಹೆಸರಿಗೆ ಒಂದು ಒಂಟಿ ಇತ್ತು, ಅಕ್ಕನದು. 'ದಾಕ್ಷಿ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಎಂದೂ ಇರಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ.' ಅಷ್ಟೆ.

ಸಿಟ್ಟು ಬರುವಂಥದ್ದು ನಾನೇನು ಮಾಡಿದ್ದೇನೆ ಎಂದು ಯೋಚಿಸಿದೆ. ಚಿಕ್ಕವಳಿದ್ದಾಗ ಅವಳ ರೇಷ್ಮೆ ಲಂಗದಿಂದ ಗೊಂಬೆಗೆ ಸೀರೆ ಕತ್ತರಿಸಿದ್ದೆ, ಅದಕ್ಕೆ ಆಗಲೇ ಏಟು ತಿಂದಾಗಿತ್ತು. ಬೇರೇನೂ ಹೊಳೆಯಲಿಲ್ಲ. ಏನಾದರೂ ಒಂದು ನೆವ ಹುಡುಕಿ, ಅಕ್ಕಾ ಸಿಟ್ಟಿದೆಯಾ ಎಂದು ಎರಡು ಸಾಲು ಬರೆದಿದ್ದರೆ ಮುಗಿದಿತ್ತು. ಬರೆಯಲು ಕೂತವಳಿಗೆ ಕೈ ನಿಂತಿತು. ಇದನ್ನು ಬರೆದರೆ ಅವಳು ಉತ್ತರ ಬರೆಯುತ್ತಾಳೆ, ಬರೆದರೆ ದೀಪಾವಳಿ. ಬರೆಯದಿದ್ದರೆ?

ಊರು ಬಿಟ್ಟು ಹೋಗಿ ಬಾಗಿಲು ಹಾಕಿರುವ ಮನೆಗಳಿಗೆಂದು ತಪಾಸಣೆಯಲ್ಲಿ ಒಂದು ಬಿಡುವ ಪಟ್ಟಿ ಇದೆ. ಅದರಲ್ಲಿರುವ ಹೆಸರನ್ನು ಯಂತ್ರ ನೋಡದೆ ದಾಟಿಕೊಂಡು ಹೋಗುತ್ತದೆ. ಅವತ್ತು ನಾನು ಅದರಲ್ಲಿ ನನ್ನ ಹೆಸರು ಸೇರಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತಾರಲ್ಲ, ಅದೇ. ದೀಪಾವಳಿ ದಾಟಿತು. ಅಕ್ಕ ಇದ್ದಳು. ನಾನು ಒಬ್ಬಳೇ ಅಡಿಗೆಮನೆಯಲ್ಲಿ ನಿಂತು ಹೋಳಿಗೆ ತಿಂದೆ, ಅಷ್ಟು ಸಂತೋಷವಾಗಿತ್ತು ನನಗೆ. ಹೀಗೆ ಒಂಬತ್ತು ದೀಪಾವಳಿ ದಾಟಿದವು.

ಸಾಯದೆ ಇರುವುದು ಬೇರೆ, ಬದುಕಿರುವುದು ಬೇರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯ ವರ್ಷ ಅಕ್ಕನಿಗೆ ಊಟ ನಿಂತಿತು, ಆರನೆಯ ವರ್ಷ ನೀರು. ಎತ್ತಿ ಮಗ್ಗುಲು ಬದಲಾಯಿಸಿದರೆ ಖಾಲಿ ಮೊರ ಎತ್ತಿದ ಹಾಗೆ. ನೋವು ಮಾತ್ರ ಮೊದಲ ದಿನದಷ್ಟೇ ಗಟ್ಟಿಯಾಗಿತ್ತು, ಅದು ಒಂದು ದಿನವೂ ಬಡವಾಗಲಿಲ್ಲ. ಡಾಕ್ಟರು ಬರುವುದನ್ನು ಬಿಟ್ಟರು, ದಾರಿಯಲ್ಲಿ ಸಿಕ್ಕರೆ ಆಚೆ ಬದಿಗೆ ಹೋಗುತ್ತಿದ್ದರು. ಕೆಲವು ದಿನ ಬೆಳಗ್ಗೆ ಅವಳ ಉಸಿರು ನಿಲ್ಲುತ್ತಿತ್ತು. ನಾನು ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ಒಂದು ಸಲ ನಾನೂರರ ತನಕ ಎಣಿಸಿದೆ. ಆಮೇಲೆ ಬಾವಿಯ ಒಳಗಿಂದ ಎಳೆದ ಹಾಗೆ ಉಸಿರು ಬಂತು, ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಮೈ ಒರೆಸಲು ನೀರು ಕಾಯಿಸುವ ನೆಪ ಮಾಡಿ ಎದ್ದು ಹೋದೆ.

ಕಳ್ಳತನಕ್ಕೆ ವಾಸನೆ ಇರುತ್ತದೆ. ಎರಡು ವರ್ಷವಾಗುವಷ್ಟರಲ್ಲಿ ಸುಣ್ಣದ ಗೂಡಿನ ಹಾಲಪ್ಪ ಬಂದ. ಅವನ ಅಪ್ಪ ನಲವತ್ತು ವರ್ಷ ಸುಣ್ಣ ಬೇಯಿಸಿ ಶ್ವಾಸಕೋಶ ಸುಟ್ಟುಕೊಂಡಿದ್ದರು. ಅಪ್ಪನ ಒಂಟಿ ಒಂದಿದೆ, ಸ್ವಲ್ಪ ದಿನ ನೋಡಬೇಡಿ ಎಂದು ನೆಲ ನೋಡುತ್ತ ಕೇಳಿದ. ಯಾವ ಮುಖ ಇಟ್ಟುಕೊಂಡು ಆಗುವುದಿಲ್ಲ ಎನ್ನಲಿ? ಅವನ ಹೆಸರೂ ಪಟ್ಟಿ ಸೇರಿತು. ಅವನ ಹಿಂದೆ ಇನ್ನೂ ಐದು ಜನ. ಊರಲ್ಲಿ ಏಳು ಮನೆಗಳ ಒಂದೊಂದು ಕಿಟಕಿಗೆ ಹಗಲೂ ಪರದೆ ಬಿಟ್ಟಿರುತ್ತದೆ. ಹಾಲಿನವಳು ಆ ಮನೆಗಳಿಗೆ ಹಾಲು ಹಾಕುವಾಗ ಗಂಟೆ ಬಾರಿಸುವುದಿಲ್ಲ. ಮಕ್ಕಳು ಆ ಗೋಡೆಗೆ ಚೆಂಡು ಎಸೆಯುವುದಿಲ್ಲ. ಯಾರೂ ಅವರಿಗೆ ಕಲಿಸಿದ್ದಲ್ಲ.

ಕೆಂಚವ್ವ ಬಂದು ಹೋದ ಮೇಲೆ ನಾನು ಸರ್ವರ್ ನಿಲ್ಲಿಸಿದೆ. ಅಂಚೆಮನೆ ಮೊದಲು ಸುಣ್ಣದ ಉಗ್ರಾಣವಾಗಿತ್ತು, ಗೋಡೆ ಮೊಳ ದಪ್ಪ. ಆದರೂ ಒಳಗೆ ಫ್ಯಾನುಗಳ ಸದ್ದು ನಿಂತದ್ದು ಬೀದಿಗೆಲ್ಲ ಕೇಳಿಸಿತು. ಜನ ಬಂದು ಜಗಲಿಯಲ್ಲಿ ಕೂತರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ, ಏನು ಉತ್ತರ ಬರುತ್ತದೋ ಎಂಬ ಭಯ.

ಕೆಟ್ಟ ಡೇಟಾಬೇಸಿಗೆ ಎರಡು ಮದ್ದು, ಎರಡನ್ನೂ ಅಕ್ಕನೇ ನನಗೆ ಕಲಿಸಿದ್ದು. ಒಂದು ಹೊಲಿಗೆ. ನಡೆದದ್ದೆಲ್ಲ ಕ್ರಮವಾಗಿ ಬರೆದಿರುವ ಲಾಗನ್ನು ಮೊದಲಿಂದ ಓಡಿಸಿ, ಹರಿದ ಕಡೆ ಕೂಡಿಸಿಕೊಂಡು ಬರುವುದು. ಇನ್ನೊಂದು ಕೊಯ್ತ. ಕೆಟ್ಟ ಪುಟಗಳನ್ನೆಲ್ಲ ಕಿತ್ತು ಎಸೆದು ಉಳಿದದ್ದನ್ನು ಹತ್ತಿರ ಎಳೆದು ಮುಚ್ಚುವುದು. ಕೊಯ್ತ ಬೇಗ ಆಗುತ್ತದೆ, ಊರು ಸರಿಹೋಗುತ್ತದೆ. ಆದರೆ ಅಕ್ಕನಿಗೆ ಕೆಲಸ ಕಲಿಸಿದವರ ಕಾಲದಲ್ಲಿ ಒಮ್ಮೆ ಕೊಯ್ದಿದ್ದರಂತೆ. ಹನ್ನೆರಡು ಒಂಟಿ ಉತ್ತರಗಳು ಹೋದವು. ಆ ಉತ್ತರಗಳ ಹನ್ನೆರಡು ಜನ ಬದುಕಿಯೇ ಇದ್ದರು, ಉಂಡರು, ಉಟ್ಟರು, ಗೂಡಿಗೆ ಸೌದೆ ಹೊತ್ತರು. ಕರೆದರೆ ತಿರುಗುತ್ತಿರಲಿಲ್ಲ. ಹೆಂಡತಿ ಕೇಳಿದರೂ ಅಷ್ಟೆ, ಮಗು ಕೇಳಿದರೂ ಅಷ್ಟೆ. ಸಾಯುವ ತನಕ ಯಾರಿಗೂ ಒಂದು ಹೂಂ ಅನ್ನಲಿಲ್ಲ.

ನಾನು ಹೊಲಿಗೆ ಹಾಕಿದೆ. ಮೂರು ಸಲ ಹಾಕಿದೆ, ಮೂರು ಸಲವೂ ಒಂದೇ ಜಾಗಕ್ಕೆ ಬಂದು ಬಿಟ್ಟುಕೊಂಡಿತು. ಹಳೆಯ ಬ್ಯಾಕಪ್ಪಾದರೂ ಚೆನ್ನಾಗಿರಬಹುದೆಂದು ಕಬ್ಬಿಣದ ಬೀರು ತೆಗೆದು, ತಿಂಗಳಿಗೊಂದರಂತೆ ಚೀಟಿ ಅಂಟಿಸಿ ಇಟ್ಟ ಡಿಸ್ಕುಗಳನ್ನು ಒಂದೊಂದಾಗಿ ನೋಡುತ್ತ ಹಿಂದೆ ಹಿಂದೆ ಹೋದೆ. ಎಲ್ಲದರಲ್ಲೂ ಕೊಳೆತ ಜಾಗ ಇತ್ತು. ಹಿಂದೆ ಹೋದಷ್ಟೂ ಚಿಕ್ಕದಾಗುತ್ತ ಬಂತು. ಒಂಬತ್ತು ವರ್ಷದ ಹಿಂದಿನದರಲ್ಲಿ ಸಾಸಿವೆಯಷ್ಟು, ಒಂದೇ ಪುಟ. ಊರಿನ ಅಷ್ಟೂ ಪೆಟ್ಟಿಗೆಗಳ ಸೂಚಿ ಆ ಪುಟಕ್ಕೆ ಕಟ್ಟಿತ್ತು. ಅದು ನಾನು ಪತ್ರ ಬರೆಯದೆ ಬಿಟ್ಟ ಅಕ್ಕನ ಉತ್ತರದ ಪುಟ, ಅದರ ಮೇಲೆ ನನ್ನ ಹೆಸರಿತ್ತು. ನಾನು ಡಿಸ್ಕನ್ನು ಸೆರಗಲ್ಲಿ ಒರೆಸಿ ಮತ್ತೆ ಹಾಕಿ ನೋಡಿದೆ, ನನ್ನ ಹೆಸರೇ.

ಹೊರಗಿನಿಂದ ಹಾಲಪ್ಪ ಒಳಗೆ ಬಂದ. ಊರ ಪರವಾಗಿ ಮಾತಾಡಲು ಅವನನ್ನೇ ಕಳಿಸಿದ್ದರು. ಇನ್ನು ಕಾಯುವುದಕ್ಕೆ ಆಗುವುದಿಲ್ಲ, ಅಕ್ಕಪಕ್ಕದವರು ಮಾತಾಡಲು ಹೆದರುತ್ತಿದ್ದಾರೆ, ಕೊಯ್ದು ಮುಗಿಸಿ ಎಂದ. ದನಿ ಜೋರಾಗಿಯೇ ಇತ್ತು, ಜಗಲಿಗೆ ಕೇಳಲಿ ಎಂದು. ಕೊಯ್ದರೆ ಹೋಗುವ ಉತ್ತರಗಳ ಪಟ್ಟಿಯನ್ನು ನಾನು ಅವನ ಕಡೆ ತಿರುಗಿಸಿದೆ. ಎರಡನೆಯ ಸಾಲಿನಲ್ಲಿ ಅವನ ಅಪ್ಪನ ಹೆಸರಿತ್ತು. ಅವನು ಓದಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ, ಬಾಗಿಲು ಮುಂದೆ ಮಾಡಿದ.

ಅವನಿಗೆ ಎಲ್ಲ ಹೇಳಿದೆ. ಕೊಯ್ಯದೆ ಉಳಿಯಬೇಕಾದರೆ ಏಳೂ ಮನೆಯವರು ಪತ್ರ ಬರೆಯಬೇಕು, ಉತ್ತರ ಬರೆಸಿಕೊಳ್ಳಬೇಕು, ಆಗ ಹೊಲಿಗೆ ನಿಲ್ಲುತ್ತದೆ ಎಂದೆ. ಬರೆದರೆ ಅಪ್ಪ ಹೋಗುತ್ತಾರೆ ಎಂದ. ಹೌದು ಎಂದೆ. ಅವನು ತನ್ನ ಅಂಗೈಯ ಸುಣ್ಣದ ಬಿರುಕುಗಳನ್ನು ಕೆರೆದುಕೊಂಡ.

'ಮೊದ್ಲು ಕೆಟ್ಟಿದ್ದು ಯಾರ್ದು?' ಎಂದು ಕೇಳಿದ.

'ನಂದು.'

'ಹಂಗಾರೆ ಮೊದ್ಲು ನೀವ್ ಬರೀರಿ. ನಿಮ್ಮನ್ನ ನೋಡಿ ನಾವು.'

ಅದರಲ್ಲಿ ವ್ಯಂಗ್ಯ ಇರಲಿಲ್ಲ, ನಿಜಕ್ಕೂ ದಾರಿ ತೋರಿಸಿ ಎಂದು ಕೇಳಿದ ಹಾಗಿತ್ತು. ಅದಕ್ಕೇ ನನಗೆ ಜಾಸ್ತಿ ನಾಚಿಕೆಯಾಯಿತು. ಸರ್ವರ್ ನಿಂತಿದ್ದರೂ ಅಂಚೆಮನೆಯ ಲ್ಯಾಪ್‌ಟಾಪಿನಲ್ಲಿ ಬರೆದದ್ದು ಲಾಗಿಗೆ ಬಿದ್ದಿರುತ್ತದೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದೆ. ಜಗಲಿಯ ಮೇಲಿದ್ದವರು ಎದ್ದು ದಾರಿ ಬಿಟ್ಟರು.

ಬಿಸಿಲು ನೆತ್ತಿ ದಾಟಿತ್ತು. ಅಕ್ಕ ಎಚ್ಚರವಾಗಿದ್ದಳು, ಹೊಲಿಗೆ ನಿಲ್ಲುತ್ತಿಲ್ಲ, ಜನ ಜಗಲಿಯಲ್ಲಿ ಕಾಯುತ್ತಿದ್ದಾರೆ ಎಂದಷ್ಟು ಅವಳಿಗೆ ಹೇಳಿದೆ. ನಾನು ಅವಳ ಕೋಣೆಯಲ್ಲೇ ನೆಲದ ಮೇಲೆ ಕೂತು ಬರೆಯತೊಡಗಿದೆ. ಏನು ಬರೆಯಲಿ? ಸಿಟ್ಟಿಲ್ಲ ಎಂಬ ಉತ್ತರಕ್ಕೆ ತಕ್ಕ ಪತ್ರ ಬೇಕು, ಅಂದರೆ ತಕ್ಕ ತಪ್ಪು ಬೇಕು. ರೇಷ್ಮೆ ಲಂಗದ ವಿಷಯ ಬರೆದು ಅಳಿಸಿದೆ. ಅವಳಿಗೆ ಬಂದ ಸಂಬಂಧವೊಂದನ್ನು, ನಾನು ಚಿಕ್ಕವಳು ಅತ್ತೆನೆಂದು ಅವಳು ಬೇಡವೆಂದದ್ದನ್ನು ಬರೆದೆ, ಅದನ್ನೂ ಅಳಿಸಿದೆ. ಮಂಚದ ಮೇಲೆ ಅಕ್ಕ ಹಲ್ಲು ಕಚ್ಚಿ ಮಗ್ಗುಲಾಗಲು ನೋಡುತ್ತಿದ್ದಳು. ಆ ಸದ್ದು ಕೇಳುತ್ತಿದ್ದಾಗ ತಿಳಿಯಿತು. ಒಂಬತ್ತು ವರ್ಷ ನಾನು ಹುಡುಕಿದ ತಪ್ಪು, ಉತ್ತರ ಬಂದ ದಿನ ಇನ್ನೂ ಹುಟ್ಟಿಯೇ ಇರಲಿಲ್ಲ. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಅದನ್ನು ಮಾಡಿಕೊಂಡು ಬಂದವಳು ನಾನು. ಅಯ್ಯೋ ದೇವರೇ ಎಂದು ಬಾಯಿಗೆ ಸೆರಗು ಒತ್ತಿಕೊಂಡೆ.

ಆಮೇಲೆ ಬರೆಯಲು ಕಷ್ಟವಾಗಲಿಲ್ಲ. 'ಅಕ್ಕಾ, ನಿನ್ನ ಉತ್ತರ ಒಂಬತ್ತು ವರ್ಷದ ಹಿಂದೆಯೇ ಬಂದಿತ್ತು. ನೀನು ಹೋಗಬಾರದು ಎಂದು ನಾನು ಪತ್ರ ಬರೆಯಲಿಲ್ಲ. ನಿನಗೆ ಎಷ್ಟು ನೋಯುತ್ತದೆ ಎಂದು ದಿನಾ ನೋಡಿದೆ, ನೋಡಿಯೂ ಬರೆಯಲಿಲ್ಲ. ನಿನಗೋಸ್ಕರ ಅಲ್ಲ, ನನಗೆ ಒಬ್ಬಳೇ ಇರಲು ಭಯ. ನನ್ನ ಮೇಲೆ ಸಿಟ್ಟಿದೆಯಾ?' ಅಷ್ಟು ಬರೆದು, ದಿಂಬು ಎತ್ತರಿಸಿ, ಲ್ಯಾಪ್‌ಟಾಪನ್ನು ಅವಳ ತೊಡೆಯ ಮೇಲೆ ಇಟ್ಟೆ.

ಅವಳು ನಿಧಾನವಾಗಿ ಓದಿದಳು. ಎರಡು ಸಲ ಓದಿದಳು ಎಂದು ಕಾಣುತ್ತದೆ. ಕಣ್ಣಲ್ಲಿ ನೀರು ಬರಲಿಲ್ಲ, ಅದಕ್ಕೆ ಬೇಕಾದ ನೀರು ಅವಳ ಮೈಯಲ್ಲಿ ಉಳಿದಿರಲಿಲ್ಲ.

'ಕೊನೇ ದಿನದ ತಪಾಸಣೆ ನಾನೇ ಅಲ್ವೇನೆ ಮಾಡಿದ್ದು' ಎಂದಳು. 'ನಿನ್ನ ಹೆಸ್ರಲ್ಲಿ ನನ್ನ ಒಂಟಿ ಇತ್ತು. ಏನು ಬರ್ದಿದೀನಿ ಅಂತ ತೆಗ್ದು ನೋಡ್ಲಿಲ್ಲ. ನಾಳೆ ಬರೀತಾಳೆ ಅಂದ್ಕೊಂಡೆ.'

ನಾನು ಮಂಚದ ಕಾಲು ಹಿಡಿದುಕೊಂಡು ಕೂತಿದ್ದೆ. ಅವಳಿಗೆ ಗೊತ್ತಿತ್ತು. ನಾನು ಗಂಜಿ ತಂದಾಗ, ಬೆನ್ನು ಒರೆಸಿದಾಗ, ಇವತ್ತು ಸ್ವಲ್ಪ ಮೇಲಲ್ಲವಾ ಎಂದು ಕೇಳಿದಾಗ, ಅಷ್ಟು ಸಲವೂ ಅವಳಿಗೆ ಗೊತ್ತಿತ್ತು. ಕೇಳಬಾರದು ಎಂಬ ನಿಯಮವನ್ನು ಅವಳು ಮುರಿಯಲಿಲ್ಲ, ಇಪ್ಪತ್ತಾರು ವರ್ಷ ಅದನ್ನು ಊರಿಗೆ ಹೇಳಿದವಳು.

'ಸಿಟ್ಟಿದೆ ಕಣೆ' ಎಂದಳು ಅಕ್ಕ. ದನಿ ಏರಲಿಲ್ಲ. 'ತುಂಬಾ ಸಿಟ್ಟಿದೆ.'

ಅವಳು ಹಾಗೇ ಬರೆದರೆ ಉತ್ತರ ಕೂಡುವುದಿಲ್ಲ, ಪುಟ ಮುಚ್ಚುವುದಿಲ್ಲ, ಆಮೇಲೆ ಕೊಯ್ತ ಒಂದೇ ಉಳಿಯುವುದು. ನೋವು ಇದ್ದೇ ಇರುತ್ತದೆ, ಕರೆದರೆ ತಿರುಗುವ ಅಕ್ಕ ಇರುವುದಿಲ್ಲ. ಅಕ್ಕಾ, ಸಿಟ್ಟಿಲ್ಲ ಅಂತ ಬರಿ ಎಂದು ಬಾಯಿಯ ತನಕ ಬಂತು. ಹೇಳಲಿಲ್ಲ. ನಿಯಮಕ್ಕೆ ಹೆದರಿ ಅಲ್ಲ. ಒಂಬತ್ತು ವರ್ಷ ಹಾಗೆ ಮಾಡಿದವಳು, ಈಗ ಕ್ಷಮಿಸಿದ್ದೇನೆ ಅಂತಲೂ ನೀನೇ ಬರೆ ಎಂದು ಹೇಳಿಕೊಡಲು ನನಗೆ ಮುಖ ಇರಲಿಲ್ಲ.

ಅವಳು ಒಂದೇ ಬೆರಳಲ್ಲಿ ಒತ್ತತೊಡಗಿದಳು. ಒಂದು ಅಕ್ಷರ, ಆಮೇಲೆ ಸುಮ್ಮನೆ ಉಸಿರು, ಆಮೇಲೆ ಇನ್ನೊಂದು. ನಾನು ಪರದೆಯ ಕಡೆ ನೋಡಲಿಲ್ಲ, ಅವಳ ಉಗುರನ್ನೇ ನೋಡುತ್ತಿದ್ದೆ. ಕಿಟಕಿಯ ಪರದೆಯ ಸಂದಿಯಿಂದ ಬಿದ್ದ ಬಿಸಿಲು ನೆಲದಿಂದ ಗೋಡೆಗೆ ಏರಿತ್ತು. ಕೊನೆಗೆ ಅವಳು ಕೈ ತೆಗೆದು, ಲ್ಯಾಪ್‌ಟಾಪನ್ನು ನನ್ನ ಕಡೆ ನೂಕಿದಳು.

ದಾಕ್ಷಿ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಎಂದೂ ಇರಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಕ್ಷರ ತಪ್ಪಿರಲಿಲ್ಲ.

'ಸಿಟ್ಟಿದೆ ಅಂದ್ಯಲ್ಲಕ್ಕಾ' ಎಂದೆ.

'ಹೇಳಿದ್ದು ನಿಂಗೆ' ಎಂದಳು ಅವಳು. 'ಬರ್ದಿದ್ದು ಊರಿಗೆ.'

ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡಳು. ಜನ ಕಾಯುತ್ತಿರುತ್ತಾರೆ, ಹೋಗಿ ಹೊಲಿಗೆ ಹಾಕು ಎಂದಳು, ಕೆಲಸ ಹೇಳಿಕೊಡುತ್ತಿದ್ದಾಗಿನ ಅದೇ ದನಿಯಲ್ಲಿ. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಬೆನ್ನ ಹಿಂದೆಯೇ ಕೈ ಬೀಸಿ ಹೋಗು ಎಂದಳು. ಹೋದೆ. ಯಾವತ್ತಿಗೂ ಅವಳ ಮಾತಿಗೆ ಎದುರಾಡಿದವಳಲ್ಲ ನಾನು, ಅವತ್ತಾದರೂ ಆಡಬೇಕಿತ್ತು.

ಅಂಚೆಮನೆಯಲ್ಲಿ ಹಾಲಪ್ಪ ಹಾಗೇ ಕೂತಿದ್ದ. ನನ್ನ ಮುಖ ನೋಡಿ ಮೂಲೆಯ ಕಂಪ್ಯೂಟರ್ ಮುಂದೆ ಹೋಗಿ ಅಪ್ಪನಿಗೆ ಪತ್ರ ಬರೆಯತೊಡಗಿದ. ಉಳಿದ ಐದು ಮನೆಗೂ ಹೇಳಿ ಕಳಿಸಿದೆ. ಒಬ್ಬೊಬ್ಬರಾಗಿ ಬಂದು ಬರೆದರು, ಬರೆದದ್ದನ್ನು ಅದೇ ಲ್ಯಾಪ್‌ಟಾಪಿನಲ್ಲಿ ಮನೆಗೆ ಒಯ್ದರು, ಉತ್ತರ ಬರೆಸಿಕೊಂಡು ತಂದರು. ಒಬ್ಬಳು ದಾರಿಯುದ್ದಕ್ಕೂ ಅಳುತ್ತ ಬಂದಳು. ಒಬ್ಬ ನಗುತ್ತಿದ್ದ, ಅವನಿಗೆ ತಾನು ನಗುತ್ತಿರುವುದು ಗೊತ್ತಿರಲಿಲ್ಲ. ಕಡೆಯದೂ ಬಂದ ಮೇಲೆ ಲಾಗ್ ಓಡಿಸಿದೆ. ಮುಂಚೆ ಮೂರು ಸಲ ಬಿಟ್ಟುಕೊಂಡ ಜಾಗದಲ್ಲಿ ಈ ಸಲ ಸ್ವಲ್ಪವೂ ತಡೆಯದೆ ದಾಟಿಕೊಂಡು ಹೋಯಿತು. ಸರ್ವರ್ ಎಬ್ಬಿಸಿದೆ, ತಪಾಸಣೆ ಮಾಡಿದೆ, ಬಿಡುವ ಪಟ್ಟಿಯಿಂದ ಏಳು ಹೆಸರು ಅಳಿಸಿ ಮತ್ತೆ ತಪಾಸಣೆ ಮಾಡಿದೆ. ದೋಷ ಒಂದೂ ಇಲ್ಲ ಎಂದಿತು. ಹೊರಗೆ ಯಾರೋ ಯಾರನ್ನೋ, ಮನೆಗೆ ಹೋಗೋಣವಾ ಎಂದು ಕೇಳಿದರು. ಹೂಂ, ನಡಿ ಎಂಬ ಉತ್ತರ ಬಂತು. ಜಗಲಿಯವರೆಲ್ಲ ಅದನ್ನು ಕೇಳಿ ನಿಟ್ಟುಸಿರು ಬಿಟ್ಟು ಎದ್ದರು.

ನಾನು ಬೀಗ ಹಾಕಿ ಹೊರಟೆ. ಅಷ್ಟು ದೂರವೂ ಒಂದೇ ಯೋಚನೆ. ಪತ್ರದಲ್ಲಿ ಎಲ್ಲ ಬರೆದಿದ್ದೆ, ಸಿಟ್ಟಿದೆಯಾ ಎಂದು ಕೇಳಿದ್ದೆ. ತಪ್ಪಾಯಿತು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅವಳು ಸಿಟ್ಟಿದೆ ಎಂದಾಗ, ಎದುರಿಗೇ ಕೂತಿದ್ದಾಗ, ಆಗಲೂ ಹೇಳಿರಲಿಲ್ಲ. ಪುಟ ಕೂಡುತ್ತದೋ ಇಲ್ಲವೋ ಎಂದು ಅವಳ ಬೆರಳು ನೋಡುತ್ತಿದ್ದೆ. ಹೆಜ್ಜೆ ಬಿರುಸಾಗಿ ಹಾಕಿದೆ, ಕೊನೆಯ ತಿರುವಿನಲ್ಲಿ ಈ ವಯಸ್ಸಿನಲ್ಲಿ ಓಡಿದೆ. ಚಪ್ಪಲಿ ಬಿಡದೆ ಕೋಣೆಗೆ ನುಗ್ಗಿ, ಮಂಚದ ಹತ್ತಿರ ಕೂತು, ಅವಳ ಕೈ ಹಿಡಿದು, ತಪ್ಪಾಯ್ತಕ್ಕಾ ಎಂದೆ. ಇನ್ನೂ ಜೋರಾಗಿ ಇನ್ನೊಂದು ಸಲ ಎಂದೆ. ಕೈ ಆಗಲೇ ತಣ್ಣಗಾಗಿತ್ತು.